ಅಡ್ಡ ನಿಂತವಳು

“ಮೇಷ್ಟ್ರೇ, ನನ್ನ ಕೈಗೆ ಚೆಂಡು ಯಾವಾಗ ಬರುತ್ತೆ?”

ಕೇಳಿದವಳು ಮೇದಿನಿ. ಬೆಳಗಿನ ಅಭ್ಯಾಸ ಆಗಷ್ಟೇ ಮುಗಿದಿತ್ತು. ಉಳಿದ ಹುಡುಗಿಯರು ನೀರು ಕುಡಿಯಲು ಹೋಗಿದ್ದರು. ಅವಳೊಬ್ಬಳು ಬ್ಯಾಸ್ಕೆಟ್‌ಬಾಲ್ ಅಂಕಣದ ಅಂಚಿನಲ್ಲಿ, ಪುಟ್ಟಮಾದಪ್ಪ ಮೇಷ್ಟ್ರು ಕೂತಿದ್ದ ಕಲ್ಲುಬೆಂಚಿನ ಮುಂದೆ ನಿಂತಿದ್ದಳು. ಬಹಳ ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ ಅದು. ಕೇಳಿದ ಕೂಡಲೇ ಕಣ್ಣು ತುಂಬಿತು. ಕಣ್ಣು ತುಂಬಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

“ಯಾಕೆ, ಚೆಂಡು ನಿನಗೇನಾದರೂ ಬಾಕಿ ಇದೆಯಾ?” ಎಂದರು ಮೇಷ್ಟ್ರು.

“ನೀವು ಹೇಳಿಕೊಡೋ ಆಟದಲ್ಲೆಲ್ಲ ನನಗೆ ಒಂದೇ ಕೆಲಸ. ಸ್ಕ್ರೀನ್ ಹಾಕು, ಅಡ್ಡ ನಿಲ್ಲು. ನಾನು ಅಡ್ಡ ನಿಂತರೆ ಇನ್ನೊಬ್ಬಳು ಬಿಡಿಸಿಕೊಂಡು ಓಡ್ತಾಳೆ. ಚೆಂಡು ಅವಳಿಗೆ, ಚಪ್ಪಾಳೆನೂ ಅವಳಿಗೆ. ನನಗೆ ಬರೀ ಮೈಕೈ ನೋವು. ನನ್ನ ಜಾಗ ಬದಲಾಯಿಸಿ ಮೇಷ್ಟ್ರೇ. ಇಲ್ಲದಿದ್ದರೆ ನಾನು ನಾಳೆಯಿಂದ ಬರಲ್ಲ.”

ಪುಟ್ಟಮಾದಪ್ಪ ಮೇಷ್ಟ್ರಿಗೆ ನೇರವಾಗಿ ಉತ್ತರ ಕೊಟ್ಟು ಗೊತ್ತಿಲ್ಲ. ಹೂಂ ಅನ್ನಬೇಕಾದರೂ ಒಂದು ಕತೆ ಹೇಳಿಯೇ ಹೂಂ ಅನ್ನುವವರು. “ಕೂತ್ಕೋ” ಎಂದರು. ಅವಳು ಕೂರಲಿಲ್ಲ. “ಸರಿ, ನಿಂತೇ ಕೇಳು. ನಿಂತು ನಿಂತು ನಿನಗೆ ಅಭ್ಯಾಸವಾಗಿದೆಯಲ್ಲ” ಎಂದು ಹೇಳತೊಡಗಿದರು.

ಒಂದು ಕಾರ್ಖಾನೆ ಇತ್ತು. ಆ ಕಾರ್ಖಾನೆಗೆ ಹೆಂಗಸರ ಒಂದು ತಂಡವಿತ್ತು. ತಂಡದಲ್ಲಿ ಒಬ್ಬಳು ಗುರಿಕಾರ್ತಿ. ಅವಳು ಎಸೆದ ಚೆಂಡು ದಾರಿ ಗೊತ್ತಿರುವ ಹಾಗೆ ಬುಟ್ಟಿಗೆ ಹೋಗುತ್ತಿತ್ತು. ಇನ್ನೊಬ್ಬಳು ಚೆಂಡು ಹಂಚುವವಳು. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ಅವಳ ಕೈಯಲ್ಲಿ. ಮೂರನೆಯವಳು ಅಡ್ಡ ನಿಲ್ಲುವವಳು. ಉಳಿದ ಇಬ್ಬರು ಈ ಕತೆಗೆ ಬೇಡ.

ಗುರಿಕಾರ್ತಿಯ ಬೆನ್ನಿಗೆ ಎದುರು ತಂಡದ ಒಬ್ಬಳು ಸದಾ ಅಂಟಿಕೊಂಡಿರುತ್ತಿದ್ದಳು. ಆ ಕಾವಲಿನವಳನ್ನು ಬಿಡಿಸದೆ ಚೆಂಡು ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಿಡಿಸುವ ಕೆಲಸ ಮೂರನೆಯವಳದು. ಚೆಂಡು ಒಂದು ಕಡೆ ಇರುವಾಗ ಅವಳು ಇನ್ನೊಂದು ಕಡೆ ಹೋಗಿ, ಕಾವಲಿನವಳು ಓಡುವ ದಾರಿಯಲ್ಲಿ ನಿಲ್ಲಬೇಕು. ಕೈಗಳನ್ನು ಎದೆಗೆ ಅವಚಿಕೊಳ್ಳಬೇಕು. ಕಾಲು ಕದಲಿಸಬಾರದು, ಕದಲಿಸಿದರೆ ತಪ್ಪು ಅವಳದೇ ಆಗುತ್ತದೆ. ಗುರಿಕಾರ್ತಿ ಅವಳ ಭುಜವನ್ನು ಸವರಿಕೊಂಡು ಓಡುತ್ತಾಳೆ. ಹಿಂದೆ ಬಂದ ಕಾವಲಿನವಳು ಇವಳಿಗೆ ಬಂದು ಬಡಿಯುತ್ತಾಳೆ. ಅಷ್ಟು ಹೊತ್ತು ಗುರಿಕಾರ್ತಿ ಒಬ್ಬಳೇ. ಚೆಂಡು ಅವಳ ಕೈಗೆ ಬರುತ್ತದೆ, ಬುಟ್ಟಿಗೆ ಬೀಳುತ್ತದೆ, ಜನ ಎದ್ದು ನಿಂತು ಅವಳ ಹೆಸರು ಕೂಗುತ್ತಾರೆ. ಆಗ ಮೂರನೆಯವಳು ಎದೆ ಉಜ್ಜಿಕೊಳ್ಳುತ್ತಿರುತ್ತಾಳೆ.

ಅವಳಿಗೆ ಎಸೆಯುವುದಕ್ಕೆ ಬರುತ್ತಿರಲಿಲ್ಲ ಎಂದುಕೊಳ್ಳಬೇಡ. ಚೆನ್ನಾಗಿ ಬರುತ್ತಿತ್ತು. ಎಲ್ಲರಿಗಿಂತ ಮುಂಚೆ ಅಂಕಣಕ್ಕೆ ಬಂದು ಒಬ್ಬಳೇ ಎಸೆಯುತ್ತಿದ್ದಳು. ಚೆಂಡೆಂದರೆ ಅವಳಿಗೆ ಪ್ರಾಣ. ಆದರೆ ಪಂದ್ಯ ಶುರುವಾದರೆ ಆ ಪ್ರಾಣ ಬೇರೆಯವರ ಕೈಯಲ್ಲಿ ಓಡಾಡುತ್ತಿತ್ತು.

ಆ ತಂಡಕ್ಕೆ ಆಟ ಕಲಿಸಿದವನು ಅವಳಿಗೆ ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದ. ಏಟು ಬಿದ್ದ ಮೇಲೆ ಅಲ್ಲೇ ಇರಬೇಡ, ಚೆಂಡಿನ ಕಡೆಗೆ ತಿರುಗು, ಕೈ ಎತ್ತು ಎಂದಿದ್ದ. ಮೊದಮೊದಲು ಅವಳು ಹಾಗೇ ಮಾಡಿದಳು. ತಿರುಗಿದಳು, ಕೈ ಎತ್ತಿದಳು. ಚೆಂಡು ಬರಲಿಲ್ಲ. ಎತ್ತಿದ ಕೈಯನ್ನು ಹಾಗೇ ಇಳಿಸಿಕೊಂಡಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಅಷ್ಟು ಜನ ನೋಡುತ್ತಿರುವಾಗ ಖಾಲಿ ಕೈ ಇಳಿಸುವುದಿದೆಯಲ್ಲ, ಅದು ಏಟಿಗಿಂತ ನೋಯುತ್ತದೆ. ‘ಹೀಗೆ ಕೈಯೊಡ್ಡಿ ನಿಲ್ಲೋಕೆ ನಾನೇನು ತಿರುಪೆಗೆ ಬಂದವಳಾ’ ಎಂದು ಅವಳಿಗೆ ಅನ್ನಿಸಿತು. ಎತ್ತುವುದನ್ನು ಬಿಟ್ಟಳು. ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಕಲಿಸಿದವನ ಕಣ್ಣೂ ಗುರಿಕಾರ್ತಿಯ ಮೇಲೇ ಇತ್ತು.

ಅಂದಿನಿಂದ ಏಟು ಬಿದ್ದ ಮೇಲೆ ಅವಳು ಚೆಂಡಿನ ಕಡೆಗೆ ತಿರುಗುತ್ತಿರಲಿಲ್ಲ. ಗುರಿಕಾರ್ತಿಯ ಕಡೆಗೆ ತಿರುಗುತ್ತಿದ್ದಳು. ಅವಳು ಓಡುವುದನ್ನು, ಚೆಂಡು ಹಿಡಿಯುವುದನ್ನು, ಮಣಿಕಟ್ಟು ಬಗ್ಗಿಸಿ ಎಸೆಯುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಹೊಟ್ಟೆಕಿಚ್ಚು ಅನ್ನಬೇಡ, ಹೊಟ್ಟೆಕಿಚ್ಚಾದರೆ ಕಣ್ಣು ಬೇರೆ ಕಡೆ ಹೋಗುತ್ತದೆ. ಹಸಿದವನು ಹೋಟೆಲಿನ ಬಾಗಿಲಲ್ಲಿ ನಿಂತು ಒಳಗೆ ಉಣ್ಣುವವರ ಕೈಯನ್ನೇ ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದಳು. ಆ ಚೆಂಡಿನಲ್ಲಿ ಒಂದು ಸಲವಾದರೂ ನನ್ನ ಪಾಲಿದೆಯೇ ಎಂದು ನೋಡುತ್ತಿದ್ದಳು.

ಒಮ್ಮೆ ಅವಳ ತಾಯಿ ಪಂದ್ಯ ನೋಡಲು ಬಂದಳು. ಹಳ್ಳಿಯ ಹೆಂಗಸು, ಅಲ್ಲಿಯವರೆಗೆ ಈ ಆಟ ಕಂಡವಳಲ್ಲ. ಮಗಳು ಆಡುವುದನ್ನು ಕಣ್ತುಂಬ ನೋಡಬೇಕೆಂದು ಹೊಸ ಸೀರೆ ಉಟ್ಟು ಬಂದಿದ್ದಳು. ತಂಡ ಗೆದ್ದಿತು. ಪಂದ್ಯ ಮುಗಿದ ಮೇಲೆ ತಾಯಿ ಮಗಳ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

“ಎಲ್ಲರೂ ಓಡ್ತಿದ್ರು, ನೀನೊಬ್ಬಳೇ ಯಾಕೆ ಅಲ್ಲಲ್ಲಿ ನಿಂತುಬಿಡ್ತಿದ್ದೆ? ಕಾಲು ನೋವೇನವ್ವಾ?”

“ಹೂಂ ಅಮ್ಮ, ಸ್ವಲ್ಪ ನೋವು” ಎಂದಳು ಮಗಳು.

ತಾಯಿ ಮನೆಗೆ ಹೋಗಿ ಎಣ್ಣೆ ಕಾಯಿಸಿ ಅವಳ ಕಾಲಿಗೆ ತಿಕ್ಕಿದಳು. ಅವಳು ಕಾಲು ಚಾಚಿ ಕೂತಿದ್ದಳು. ನಾನೂ ಆಡಿದೆ, ಆ ಗೆಲುವಿನಲ್ಲಿ ನನ್ನದೂ ಇದೆ ಎಂದು ಹೇಳಲು ಅವಳಿಗೆ ಮಾತು ಸಿಗಲಿಲ್ಲ. ಒಂದು ಸಲ ಚೆಂಡು ಕೈಗೆ ಬಂದಿದ್ದರೆ ಮಾತೇ ಬೇಕಾಗಿರಲಿಲ್ಲ ಅನ್ನಿಸಿತು.

ವರ್ಷಗಳು ಹೋದವು. ಕಾರ್ಖಾನೆಯವರು ತಂಡವನ್ನು ಮುಚ್ಚುವುದೆಂದು ತೀರ್ಮಾನಿಸಿದರು. ಇನ್ನೊಂದು ಪಂದ್ಯಾವಳಿ, ಅಲ್ಲಿಗೆ ಮುಗಿಯಿತು ಎಂದರು. ಎಲ್ಲರಿಗೂ ದುಃಖವಾಯಿತು. ಮೂರನೆಯವಳಿಗೆ ದುಃಖಕ್ಕಿಂತ ಹೆಚ್ಚಾಗಿ ಭಯವಾಯಿತು. ಇನ್ನು ಅವಳ ಪಾಲಿಗೆ ಉಳಿದದ್ದು ಆ ಕೆಲವು ಆಟ. ಅದರೊಳಗೆ ಚೆಂಡು ಬಂದರೆ ಬಂತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ತಂಡ ಗೆಲ್ಲುತ್ತ ಹೋಗಿ ಕೊನೆಯ ಪಂದ್ಯದವರೆಗೆ ಬಂತು. ಅಂದು ಬೆಳಿಗ್ಗೆ ಅವಳು ಚೆಂಡು ಹಂಚುವವಳ ಪಕ್ಕದಲ್ಲೇ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ನನಗೂ ಕೊಡೇ ಎಂದು ಕೇಳಬೇಕೆಂದುಕೊಂಡಳು. ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡು ನುಂಗಿದಳು. ಕೇಳಿ ಪಡೆದದ್ದು ಪಡೆದ ಹಾಗಲ್ಲ ಎಂಬ ಜಂಬ ಬೇರೆ. ಜಂಬಕ್ಕೆ ಹೊಟ್ಟೆ ತುಂಬಿಸಲು ಬರುವುದಿಲ್ಲ, ಆದರೂ ಬಡವರಿಗೇ ಅದು ಜಾಸ್ತಿ.

ಆಟ ಬಿಗಿಯಾಗಿ ನಡೆಯಿತು. ಕೊನೆಯ ಗಳಿಗೆಯಲ್ಲಿ ಇವರ ತಂಡ ಒಂದೇ ಅಂಕ ಹಿಂದಿತ್ತು. ಚೆಂಡು ಇವರ ಕೈಯಲ್ಲಿತ್ತು. ಕಲಿಸಿದವನು ಎಂದಿನ ಆಟವನ್ನೇ ಆಡಿ ಎಂದ. ಮೂರನೆಯವಳು ಎಂದಿನಂತೆ ಹೋಗಿ ನಿಂತಳು. ಕಾವಲಿನವಳು ಓಡಿಬಂದು ಬಡಿದಳು. ಹಿಂದೆಂದೂ ಅಷ್ಟು ಜೋರಾಗಿ ಬಡಿದಿರಲಿಲ್ಲ. ಇವಳು ಕದಲಲಿಲ್ಲ. ಗುರಿಕಾರ್ತಿ ಬಿಡಿಸಿಕೊಂಡಳು.

ಎದುರು ತಂಡದವರೇನು ದಡ್ಡರೇ? ಅವರಿಗೂ ಗುರಿಕಾರ್ತಿಯೇ ಗುರಿ. ಬಡಿದು ಬಿದ್ದ ಕಾವಲಿನವಳು ಎದ್ದು ಅವಳ ಹಿಂದೆ ಓಡಿದಳು. ಮೂರನೆಯವಳನ್ನು ಕಾಯಬೇಕಾದವಳೂ ಇವಳನ್ನು ಬಿಟ್ಟು ಅತ್ತಲೇ ಹಾರಿದಳು. ಮೂರನೆಯವಳು ಬುಟ್ಟಿಯ ಕೆಳಗೆ ಒಬ್ಬಳೇ ಉಳಿದಳು. ಇವಳು ತಲೆ ತಿರುಗಿಸಿ ಗುರಿಕಾರ್ತಿಯನ್ನು ನೋಡಿದಳು. ಇವಳ ಕೈಗಳು ಕೆಳಗಿದ್ದವು.

ಚೆಂಡು ಹಂಚುವವಳು ಚೆಂಡನ್ನು ಎತ್ತಿ ಹಿಡಿದು ಸ್ವಲ್ಪ ತಡೆದಳು. ಆಮೇಲೆ ಗುರಿಕಾರ್ತಿಗೆ ಎಸೆದಳು. ಇಬ್ಬರ ಕೈಗಳ ನಡುವೆ ಗುರಿಕಾರ್ತಿ ಹೇಗೋ ಗುರಿಯಿಟ್ಟಳು. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಸೀಟಿ ಊದಿದರು. ತಂಡವೂ ಮುಗಿಯಿತು, ಆಟವೂ ಮುಗಿಯಿತು.

ಎಲ್ಲರೂ ಗುರಿಕಾರ್ತಿಯ ಸುತ್ತ ಸೇರಿ ಸಮಾಧಾನ ಹೇಳಿದರು. ಮೂರನೆಯವಳು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದಳು. ಚೆಂಡು ಹಂಚುವವಳು ಹಿಂದಿನಿಂದ ಬಂದು ನಿಂತಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಚೆಂಡು ಬೇಡವಾಗಿತ್ತಾ?”

ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತು ತಿರುಗಿದಳು. “ಬೇಡ ಅಂತ ಯಾರು ಹೇಳಿದ್ರು?”

“ನೀನೇ. ನಾನು ಯಾವಾಗಲೂ ಮೊದಲು ನಿನ್ನನ್ನೇ ನೋಡೋದು. ಅವಳು ಓಡಿದ ಕೂಡಲೇ ಇಬ್ಬರೂ ಅವಳ ಹಿಂದೆ ಬೀಳ್ತಾರೆ, ಬುಟ್ಟಿ ಕೆಳಗೆ ನೀನೊಬ್ಬಳೇ ಇರ್ತೀಯ. ನಿನ್ನ ಕೈ ಏಳುತ್ತೇನೋ ಅಂತ ಕಾಯ್ತೀನಿ. ಇವತ್ತೂ ಕಾದೆ. ನೀನು ಅವಳನ್ನ ನೋಡ್ತಾ ನಿಂತಿದ್ದೆ. ನನ್ನ ಕಡೆ ನೋಡದೇ ಇರೋಳಿಗೆ ಹೇಗೆ ಎಸೀಲಿ?”

“ಮೊದಲೆಲ್ಲ ಕೈ ಎತ್ತುತ್ತಿದ್ದೆನಲ್ಲ.”

“ಆಗ ನಾನೂ ಹೊಸಬಳು ಕಣೇ. ಗುರಿಕಾರ್ತಿ ಬಿಟ್ಟರೆ ನನಗೆ ಬೇರೆ ಯಾರೂ ಕಾಣ್ತಿರಲಿಲ್ಲ. ನನಗೆ ನೋಡೋಕೆ ಬರೋ ಹೊತ್ತಿಗೆ ನೀನು ಎತ್ತೋದು ಬಿಟ್ಟಿದ್ದೆ. ನಿಲ್ಲೋದೇ ನಿನಗಿಷ್ಟ ಅಂದುಕೊಂಡೆ. ಒಂದು ದಿನವೂ ನೀನು ಕೇಳಲಿಲ್ಲ.”

ಇಷ್ಟು ಹೇಳಿ ಚೆಂಡು ಹಂಚುವವಳು ನಲ್ಲಿ ನಿಲ್ಲಿಸಿ ಹೋದಳು. ಅವಳೇನು ಕೆಟ್ಟವಳಲ್ಲ. ಇದ್ದದ್ದನ್ನು ಹೇಳಿದಳು.

ಮೂರನೆಯವಳು ಊರಿಗೆ ಹೋದಳು. ಮದುವೆಯಾದಳು, ಸಂಸಾರ ಮಾಡಿದಳು, ನಕ್ಕಳು, ನಾಲ್ಕು ಜನರ ಹಾಗೆ ಬದುಕಿದಳು. ಚೆಂಡು ಬರಲಿಲ್ಲ ಎನ್ನುವ ದುಃಖಕ್ಕೆ ಅವಳು ಮೊದಲೇ ಒಗ್ಗಿಹೋಗಿದ್ದಳು. ಆ ಚೆಂಡು ಬರಲು ಕಾಯುತ್ತಿತ್ತು ಎನ್ನುವುದಕ್ಕೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಎಲ್ಲಾದರೂ ಚೆಂಡು ಪುಟಿಯುವ ಸದ್ದು ಕೇಳಿದರೆ ನಿಂತುಬಿಡುತ್ತಿದ್ದಳು. ಸಂತೆಯ ದಾರಿಯಾಗಲಿ, ಶಾಲೆಯ ಬೇಲಿಯಾಗಲಿ, ನಿಂತಲ್ಲೇ ತಿರುಗುತ್ತಿದ್ದಳು. ಕೈ ತಾನಾಗಿ ಮೇಲೇಳುತ್ತಿತ್ತು. ಈ ಹೆಂಗಸು ಯಾರನ್ನು ಕರೆಯುತ್ತಿದ್ದಾಳೆ ಎಂದು ದಾರಿಹೋಕರು ಹಿಂದೆ ತಿರುಗಿ ನೋಡುತ್ತಿದ್ದರು. ಯಾರೂ ಇರುತ್ತಿರಲಿಲ್ಲ. ಅವಳು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ಮೇದಿನಿ ಯಾವಾಗಲೋ ಬೆಂಚಿನ ತುದಿಯಲ್ಲಿ ಕೂತಿದ್ದಳು. ಆಟ ಬಿಡುವ ಮಾತು ಅವಳಿಗೆ ನೆನಪಿರಲಿಲ್ಲ. ಆ ಕೊನೆಯ ಆಟ ಅವಳ ಕಣ್ಣ ಮುಂದೆಯೇ ನಡೆಯುತ್ತಿತ್ತು. ಅಷ್ಟು ಚೆನ್ನಾಗಿ ಎಸೆಯುವವಳ ಕೈ ತಪ್ಪಿತಲ್ಲ ಎಂದು ಅವಳಿಗೆ ಸಂಕಟವಾಯಿತು.

“ಆ ಗುರಿಕಾರ್ತಿ ಆಮೇಲೆ ಏನಾದಳು ಮೇಷ್ಟ್ರೇ? ಬೇರೆ ದೊಡ್ಡ ತಂಡಕ್ಕೆ ಆಡಿದಳಾ?”

“ನೋಡು, ನೀನೂ ಅವಳ ಕಡೆಗೇ ತಿರುಗಿದೆ” ಎಂದರು ಮೇಷ್ಟ್ರು.