ಗಾಜಿನ ಮೇಲಿನ ಬೊಟ್ಟು

"ಬುದ್ಧಿ, ಒಳಗನ್ನು ಇಷ್ಟು ತೊಳೆದ ಮೇಲೂ ಅದೇ ಜಾಗದಲ್ಲಿ ಅದೇ ಕಲೆ ಏಕೆ ಬೀಳುತ್ತದೆ?"

ಗುರುಗಳನ್ನು ಹೀಗೆ ಕೇಳಿದವನು ಕೊಟ್ರೇಶ. ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಹೋದ ವರ್ಷ ಗುರುಗಳು ಅವನನ್ನು ಒಂದು ಹಳ್ಳಿಯ ಶಾಖಾಮಠಕ್ಕೆ ಕಳುಹಿಸಿದ್ದರು. ಬಂದವರ ಕಷ್ಟಸುಖ ಕೇಳಿ ನಾಲ್ಕು ಮಾತು ಹೇಳುವುದು ಅಲ್ಲಿ ಅವನ ಕೆಲಸ. ಈಗ ಆ ಹಳ್ಳಿಯ ಹಿರಿಯರೇ ಬಂದು, ಬೇರೆ ಯಾರನ್ನಾದರೂ ಕೊಡಿ ಎಂದು ಕೈಮುಗಿದು ಕೇಳಿಕೊಂಡು ಹೋಗಿದ್ದರು.

ಕೊಟ್ರೇಶ ಎಂದಿನಂತೆ ಗುರುಗಳ ಪಾದುಕೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಳಿತಿದ್ದ. ಅದಿಲ್ಲದೆ ಅವನು ಬಾಯಿ ತೆರೆದವನಲ್ಲ.

"ಸಿಟ್ಟು ಬಿಟ್ಟೆ. ಆಸೆ ಬಿಟ್ಟೆ. ಊಟವನ್ನು ಒಂದು ಹೊತ್ತಿಗೆ ಇಳಿಸಿದೆ. ಮೊನ್ನೆ ಹೆಂಡತಿ ತೀರಿಕೊಂಡವನೊಬ್ಬ ಬಂದು ಎದುರಿಗೆ ಕುಳಿತ. ನನ್ನದೊಂದು ಮಾತೂ ಸೇರಿಸಲಿಲ್ಲ, ಬುದ್ಧಿ. ಸಾವಿನ ಬಗ್ಗೆ ತಾವು ಹೇಳಿದ್ದನ್ನೇ, ತಾವು ಹೇಳಿದ ಹಾಗೆಯೇ ಹೇಳಿದೆ. ಅವನು ಅರ್ಧದಲ್ಲೇ ಎದ್ದ. 'ಸ್ವಾಮೇರಾ, ನೀವು ನನ್ನ ಕಡೆ ನೋಡ್ಲೇ ಇಲ್ಲ' ಅಂದು ಹೋಗಿಬಿಟ್ಟ. ಯಾರು ಬಂದರೂ ಕೊನೆಗೆ ಇದೇ ಮಾತು. ಇನ್ನೂ ಎಲ್ಲಿ ಕೊಳೆ ಉಳಿದಿದೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅರ್ಜಿ ಬರೆಯುವ ಹೆಂಗಸೊಬ್ಬಳಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಕಚೇರಿ. ಊರು ಅವಳನ್ನು ಅರ್ಜಿ ಅಕ್ಕ ಎಂದು ಕರೆಯುತ್ತಿತ್ತು. ಅವಳು ಟೈಪ್ ಮಾಡಿಕೊಟ್ಟ ಕಾಗದವನ್ನು ಯಾರೂ ಎರಡನೇ ಸಲ ಓದಿ ನೋಡುತ್ತಿರಲಿಲ್ಲ. ಒಂದು ಒತ್ತಕ್ಷರ ಜಾರಿದರೂ ಇಡೀ ಹಾಳೆ ಹರಿದು ಹಾಕಿ ಹೊಸದಾಗಿ ಹೊಡೆಯುವ ಜಾಯಮಾನ ಅವಳದು.

ಆ ಶಿಸ್ತು ಅವಳಿಗೆ ಬಂದದ್ದು ಟೈಪಿಂಗ್ ಕಲಿಸಿದ ಟೀಚರಮ್ಮನಿಂದ. ಅವರು ಬೆಳಿಗ್ಗೆ ಬಂದವರೇ ಟೈಪ್‌ರೈಟರಿನ ನೆತ್ತಿಗೆ ಒಂದು ಕುಂಕುಮದ ಬೊಟ್ಟಿಟ್ಟು, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ತೀರಿಕೊಳ್ಳುವ ಮುಂಚೆ ಯಂತ್ರಗಳನ್ನೆಲ್ಲ ಅವರಿವರಿಗೆ ಕೊಟ್ಟು, ಕುಂಕುಮದ ಭರಣಿಯನ್ನು ಮಾತ್ರ ಈ ಶಿಷ್ಯೆಯ ಕೈಗಿಟ್ಟರು. ಅರ್ಜಿ ಅಕ್ಕ ಅದನ್ನು ದೇವರ ಗೂಡಿನಲ್ಲಿಟ್ಟಳು. ದೇವರಿಗಿಂತ ಒಂದು ಗೇಣು ಮೇಲೆಯೇ ಇಟ್ಟಳು ಎಂದು ನೆರೆಯವರು ಆಡಿಕೊಂಡರು.

ಕಾಲ ಬದಲಾಯಿತು, ಟೈಪ್‌ರೈಟರಿನ ಜಾಗಕ್ಕೆ ಕಂಪ್ಯೂಟರ್ ಬಂತು. ಅರ್ಜಿ ಬರೆಸಲು ಬಂದವರು ಜೆರಾಕ್ಸ್ ಕೇಳತೊಡಗಿದರು. ಜೆರಾಕ್ಸ್ ಸಿಕ್ಕವರು ಸ್ಕ್ಯಾನ್ ಮಾಡಿ ಕಳಿಸಿ ಎಂದರು. ಮೂರನ್ನೂ ಮಾಡುವ ಒಂದೇ ಪ್ರಿಂಟರ್ ತಂದುಬಿಡುವುದೆಂದು ಅವಳು ಪಟ್ಟಣಕ್ಕೆ ಹೋದಳು.

ವ್ಯಾಪಾರಿ ಅವಳೆದುರು ಯಂತ್ರಗಳನ್ನು ಸಾಲಾಗಿ ತೆರೆದಿಟ್ಟ. ದಿನಕ್ಕೆ ಎಷ್ಟು ಹಾಳೆ, ಬಣ್ಣದ್ದೆಷ್ಟು ಕಪ್ಪಿನದೆಷ್ಟು ಎಂದು ಅವಳು ಮನೆಯಲ್ಲೇ ಬರೆದುಕೊಂಡು ಬಂದಿದ್ದಳು. ಆ ಚೀಟಿ ನೋಡಿ ಅವನಿಗೆ ಸ್ವಲ್ಪ ಅಂಜಿಕೆಯಾಯಿತು.

"ಅಕ್ಕಾರೇ, ಇದಾದ್ರೆ ಫ್ಯಾಕ್ಸೂ ಕಳಿಸುತ್ತೆ."

"ಫ್ಯಾಕ್ಸ್ ತಗೊಳ್ಳೋರು ಯಾರಿದ್ದಾರಪ್ಪ?"

"ಯಾರೂ ಇಲ್ಲ. ಆದ್ರೂ ಕಳಿಸುತ್ತೆ."

ಅವಳು ಅದನ್ನು ಬಿಟ್ಟು, ಬಾಟಲಿಯಿಂದ ಇಂಕ್ ತುಂಬುವ ಸಾದಾ ಯಂತ್ರವೊಂದರ ಮುಂದೆ ನಿಂತಳು. ಮೇಲಿನ ಮುಚ್ಚಳ ಎತ್ತಿದರೆ ಒಳಗೆ ಕನ್ನಡಿಯ ಹಾಗೆ ಒಂದು ಗಾಜು.

"ಕಾಗದದಲ್ಲಿ ಇರೋದು ಇರೋ ಹಾಗೇ ಬರುತ್ತಾ?"

"ಗಾಜಿನ ಮೇಲೆ ಏನಿಡ್ತೀರೋ ಅದು ಬರುತ್ತೆ. ಒಂದು ಚುಕ್ಕೆ ಸೇರಿಸೋಲ್ಲ, ಒಂದು ಚುಕ್ಕೆ ಬಿಡೋಲ್ಲ. ಸ್ವಂತ ಬುದ್ಧಿ ಇಲ್ಲ ನೋಡಿ. ಅದೇ ಅದರ ಒಳ್ಳೇ ಗುಣ."

ತನಗೆ ಬೇಕಾದದ್ದು ಇದೇ ಎಂದು ಅವಳಿಗೆ ಅನ್ನಿಸಿತು.

ಮನೆಗೆ ತಂದು ತಾನೇ ಕೂರಿಸಿದಳು. ಬಿಸಿಲು ಬೀಳದ ಗೋಡೆ ಹುಡುಕಿದಳು. ಮೇಜು ಅಲುಗದಂತೆ ಒಂದು ಕಾಲಿನ ಕೆಳಗೆ ರಟ್ಟು ಮಡಿಚಿ ಇಟ್ಟಳು. ಜೊತೆಗೆ ಬಂದ ಪುಸ್ತಕವನ್ನು ಎರಡು ಸಲ ಓದಿದಳು. ಸಾಗಾಟಕ್ಕೆಂದು ಅಂಟಿಸಿದ್ದ ಕಿತ್ತಳೆ ಬಣ್ಣದ ಪಟ್ಟಿಗಳು ಹನ್ನೊಂದೆಂದು ಅದರಲ್ಲಿತ್ತು. ಹನ್ನೊಂದನ್ನೂ ಕಿತ್ತು ಸಾಲಾಗಿ ಜೋಡಿಸಿ ನೋಡಿದಳು. ನಾಲ್ಕು ಬಣ್ಣಗಳನ್ನು ಒಂದು ಹನಿ ಚೆಲ್ಲದಂತೆ ತುಂಬಿದಳು. ಸಾಲುಗಳು ನೇರವಾಗಿ ಬೀಳುತ್ತವೆಯೇ ಎಂದು ಯಂತ್ರವೇ ಅಚ್ಚು ಹಾಕಿ ತೋರಿಸುವ ಹಾಳೆಯನ್ನು ಸ್ಕೇಲಿಟ್ಟು ಅಳೆದಳು. ಎಲ್ಲ ಸರಿಯಾಗಿತ್ತು.

ಕೊನೆಗೆ ಸ್ನಾನ ಮಾಡಿ ಭರಣಿ ಇಳಿಸಿದಳು. ಟೈಪ್‌ರೈಟರಿಗೆ ನೆತ್ತಿಯಿತ್ತು. ಇದಕ್ಕೆ ನೆತ್ತಿ ಎಲ್ಲಿ? ಮುಚ್ಚಳ ಬರೀ ಹೊದಿಕೆ. ಅವಳು ಮುಚ್ಚಳ ಎತ್ತಿದಳು. ಇದರ ಮುಖ ಈ ಗಾಜೇ ಎಂದು ಅವಳಿಗೆ ತೋಚಿತು. ಗಂಧದಲ್ಲಿ ಕುಂಕುಮ ಕಲಸಿ, ಬೆಂಕಿಕಡ್ಡಿಯ ಹಿಂತುದಿಯಿಂದ ಗಾಜಿನ ಮೇಲಂಚಿನ ನಡುವೆ, ಹಣೆಯಿರಬೇಕಾದ ಕಡೆ, ಸಾಸಿವೆ ಗಾತ್ರದ ಬೊಟ್ಟಿಟ್ಟಳು. ಟೀಚರಮ್ಮನನ್ನು ನೆನೆದು ಕಣ್ಣು ಮುಚ್ಚಿದಳು. ಬೊಟ್ಟು ಒಣಗಿ ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಂಡಿತು.

ಕೆಲಸ ಚೆನ್ನಾಗಿಯೇ ನಡೆಯಿತು. ನಕಲುಗಳ ತಲೆಯ ಮೇಲೆ ಮಾತ್ರ ಒಂದು ಕಪ್ಪು ಚುಕ್ಕೆ ಕಾಣಿಸುತ್ತಿತ್ತು.

"ಏನಕ್ಕಾ, ನಮ್ಮ ಪಹಣಿಗೆ ದೃಷ್ಟಿಬೊಟ್ಟು ಇಟ್ಟಿದ್ದೀಯ?" ಎಂದು ರೈತನೊಬ್ಬ ನಗೆಯಾಡಿದ.

ಅವಳು ನಗಲಿಲ್ಲ. ಪರೀಕ್ಷೆಗೆ ತೊಡಗಿದಳು. ತಾನು ಬರೆದು ಕಂಪ್ಯೂಟರಿನಿಂದ ಕಳಿಸಿದ ಹಾಳೆಗಳು ಶುಭ್ರವಾಗಿ ಬರುತ್ತಿದ್ದವು. ಜನ ತಂದ ಕಾಗದಗಳ ನಕಲಿನಲ್ಲೇ ಚುಕ್ಕೆ. ಸ್ಕ್ಯಾನ್ ಮಾಡಿದರೂ ಚುಕ್ಕೆ. ನನ್ನದೆಲ್ಲ ಸರಿಯಿದೆ, ಜನರ ಕಾಗದಗಳಲ್ಲೇ ಏನೋ ಇದೆ ಎಂದು ಅವಳು ತೀರ್ಮಾನಿಸಿದಳು. ಕೈ ತೊಳೆದುಕೊಂಡು ಕಾಗದ ಮುಟ್ಟಿ ಎಂದು ಬಾಗಿಲಲ್ಲೇ ಹೇಳತೊಡಗಿದಳು. ಹೊಲದಿಂದ ನೇರ ಬಂದವರು ಮುಜುಗರಪಟ್ಟರು. ಕೆಲವರು ಬರುವುದನ್ನೇ ಬಿಟ್ಟರು.

ಕೈ ತೊಳೆದು ಬಂದವರ ಕಾಗದದಲ್ಲೂ ಚುಕ್ಕೆ ಬಿದ್ದಾಗ ರಿಪೇರಿಯವನನ್ನು ಕರೆಸಿದಳು. ಅವನು ಹಿಂದಿನ ಬಾಗಿಲು ಬಿಚ್ಚಿ ಉರುಳೆಗಳನ್ನು ಒರೆಸಿದ. ಮುಂದಿನದನ್ನು ಬಿಚ್ಚಿ ಊದಿದ. ಮುಚ್ಚಳ ಎತ್ತಿದ. ಬೊಟ್ಟು ಕಂಡ. ಎಡಗೈಯಲ್ಲಿದ್ದ ಬಟ್ಟೆಯನ್ನು ಬಲಗೈಗೆ ತೆಗೆದುಕೊಂಡು, ಬೊಟ್ಟಿಗೆ ತಾಗದಂತೆ ಅದರ ಸುತ್ತ ಇಡೀ ಗಾಜನ್ನು ಫಳಫಳ ಒರೆಸಿಕೊಟ್ಟ.

"ಒಳಗೆ ಏನೂ ಇಲ್ಲಕ್ಕಾ. ಕೆಲವು ಯಂತ್ರಕ್ಕೆ ಹುಟ್ಟುಮಚ್ಚೆ ಇರುತ್ತೆ."

ಅವಳು ಒಪ್ಪಿಕೊಂಡಳು. ಅಂದಿನಿಂದ ಪ್ರತಿ ನಕಲಿನ ಚುಕ್ಕೆಯ ಮೇಲೂ ವೈಟ್ನರ್ ಹಚ್ಚಿ, ಒಣಗುವ ತನಕ ಊದಿ ಕೊಡುವುದು ರೂಢಿಯಾಯಿತು. ಬೆಳಿಗ್ಗೆ ಮುಚ್ಚಳ ಎತ್ತುವಾಗ ಬೊಟ್ಟು ಕಣ್ಣಿಗೆ ಬೀಳುತ್ತಿತ್ತು. ಅವಳು ಅದಕ್ಕೊಂದು ನಮಸ್ಕಾರ ಮಾಡಿ, ಅದರ ಮೇಲೆಯೇ ಕಾಗದ ಮಲಗಿಸುತ್ತಿದ್ದಳು.

ಹೀಗೆ ವರ್ಷವಾಯಿತು. ಕಾಗದಗಳು ಉಜ್ಜಿ ಉಜ್ಜಿ ಬೊಟ್ಟಿನ ನಡುಭಾಗ ಉದುರಿತು. ಅಂಚು ಮಾತ್ರ ಬಳೆಯ ಹಾಗೆ ಉಳಿಯಿತು.

ಒಂದು ಬೆಳಿಗ್ಗೆ ಯುವಕನೊಬ್ಬ ಬಂದ. ಅವನ ತಂದೆ ಊರಿನ ನೀರುಗಂಟಿ; ಕೆಲಸದಲ್ಲಿರುವಾಗಲೇ ತೀರಿಕೊಂಡು ತಿಂಗಳಾಗಿತ್ತು. ಆ ಕೆಲಸ ತನಗೆ ಕೊಡಿ ಎಂದು ಅರ್ಜಿ ಹಾಕಲು ಅವತ್ತೇ ಕಡೆಯ ದಿನ. ತಾನು ಅವನಿಗೆ ಹುಟ್ಟಿದವನೆಂಬುದಕ್ಕೆ ಇದ್ದ ಕಾಗದ ಒಂದೇ, ದೊಡ್ಡ ಕೈಬರಹದ ವಂಶವೃಕ್ಷ. ಬಾಗಿಲಲ್ಲಿ ಇನ್ನೂ ಆರು ಜನ ಕಾದಿದ್ದರು. ಅವಳು ನಕಲು ತೆಗೆದಳು. ಚುಕ್ಕೆ ತೆಳ್ಳಗಾಗಿದೆ ಎಂದು ವೈಟ್ನರ್ ಹಚ್ಚದೆ ಕೊಟ್ಟಳು.

ಮೂರು ಗಂಟೆಗೆ ಅವನು ವಾಪಸು ಬಂದ. ಕೂಗಾಡಲಿಲ್ಲ. ನಕಲನ್ನು ಮೇಜಿನ ಮೇಲಿಟ್ಟ.

"ಅಕ್ಕಾ, ಮೊದಲನೇ ಸಾಲು ಓದಿ."

ಅವಳು ಓದಿದಳು. ದಿವಂಗತ ತಂದೆಯ ಹೆಸರಿತ್ತು, ಅವನ ಹೆಸರಿತ್ತು. ನಡುವೆ 'ಇವರ ಮಗ' ಎಂದಿರಬೇಕಾದಲ್ಲಿ, ಮ ಮತ್ತು ಗ ನಡುವೆ ಒಂದು ಅಚ್ಚುಕಟ್ಟಾದ ಸೊನ್ನೆ ಕೂತಿತ್ತು.

"ಪಂಚಾಯ್ತಿ ಕಚೇರೀಲಿ ಜೋರಾಗಿ ಓದಿದ್ರು ಅಕ್ಕಾ. 'ಇವರ ಮಂಗ' ಅಂತ. ಇಡೀ ರೂಮು ನಕ್ಕಿತು. ಓದಿದವರಿಗೂ ಪಾಪ ಬೇಜಾರಾಯ್ತು, ಆದ್ರೆ ನಗು ತಡೆಯೋಕೆ ಆಗ್ಲಿಲ್ಲ. ನಾನೂ ನಕ್ಕುಬಿಟ್ಟೆ. ಅಪ್ಪ ಸತ್ತ ಮೇಲೆ ಮೊದಲ್ನೇ ಸಲ ನಕ್ಕಿದ್ದು." ಅವನು ಮುಖ ಒರೆಸಿಕೊಂಡ. "ಮೂಲ ತೋರ್ಸಿದೆ. ಮೂಲ ನೀನೇ ಇಟ್ಕೋ, ಫೈಲಿಗೆ ಹೋಗೋದು ನಕಲು ಅಂದ್ರು. ವೈಟ್ನರ್ ಹಚ್ಚಿದ್ರೆ ತಿದ್ದಿದ ಕಾಗದ ಆಗುತ್ತಂತೆ. ಒಂದು ಚುಕ್ಕೆಯೂ ಇರಬಾರ್ದು. ಐದು ಗಂಟೆವರೆಗೆ ಟೈಮ್ ಇದೆ."

ಅವಳು ಮೂಲವನ್ನು ಮತ್ತೆ ಗಾಜಿನ ಮೇಲಿಟ್ಟಳು. ಮತ್ತೆ ಮಂಗ ಬಂತು. ಕಾಗದವನ್ನು ತಲೆಕೆಳಗು ಮಾಡಿ ಇಟ್ಟಳು. ಮಗ ಮಗನಾಗಿಯೇ ಬಂದ. ಸೊನ್ನೆ ಹೋಗಿ ಕೆಳಗಿನ ಮೊಹರಿನ ಮೇಲೆ ಕೂತಿತ್ತು.

ಎರಡು ಹಾಳೆಗಳನ್ನೂ ಹಿಡಿದು ಅವಳು ನಿಂತಳು. ಕಾಗದ ತಿರುಗಿತ್ತು. ಸೊನ್ನೆ ತಿರುಗಿರಲಿಲ್ಲ. ಹಾಗಾದರೆ ಅದು ಕಾಗದದ್ದಲ್ಲ. ಈ ವರ್ಷ ಬಾಗಿಲಲ್ಲಿ ನಿಲ್ಲಿಸಿ ಕೈ ತೊಳೆಸಿದ ಒಬ್ಬೊಬ್ಬರ ಮುಖವೂ ಅವಳಿಗೆ ನೆನಪಾಯಿತು.

ಮುಚ್ಚಳ ಎತ್ತಿದಳು. ವರ್ಷವೆಲ್ಲ ದಿನಾ ಕಂಡಿದ್ದ ಬೊಟ್ಟನ್ನು ಅವತ್ತು ನೋಡಿದಳು.

ಒದ್ದೆ ಬಟ್ಟೆ ಕೈಗೆತ್ತಿಕೊಂಡಳು. ಕೈ ಗಾಜಿನ ತನಕ ಹೋಗಿ ನಿಂತಿತು. ಟೀಚರಮ್ಮನ ಕುಂಕುಮ. ಭರಣಿಯಲ್ಲಿ ಇನ್ನು ತಳದ ಬಣ್ಣ ಮಾತ್ರ ಉಳಿದಿತ್ತು.

ಯುವಕನೂ ಅವಳ ಭುಜದಾಚೆಯಿಂದ ನೋಡಿದ. ಅವನಿಗೂ ತಿಳಿಯಿತು.

"ಬೇಡಕ್ಕಾ," ಎಂದ. "ಬೊಟ್ಟು ಅದು. ನನ್ನಿಂದಾಗಿ ಅಳಿಸ್ಬೇಡಿ. ಪಟ್ಟಣಕ್ಕೆ ಹೋಗಿ ಮಾಡಿಸ್ಕೋತೀನಿ."

ಪಟ್ಟಣದ ಬಸ್ಸು ನಾಲ್ಕೂವರೆಗೆ. ಅದು ಇಬ್ಬರಿಗೂ ಗೊತ್ತಿತ್ತು.

"ಕೂತ್ಕೋಪ್ಪ," ಎಂದಳು ಅವಳು. ಆಮೇಲೆ ಬಟ್ಟೆಯನ್ನು ಗಾಜಿನ ಮೇಲಿಟ್ಟು ಒತ್ತಿದಳು. ಒಂದೇ ಸಲಕ್ಕೆ ಹೋಗಲಿಲ್ಲ. ಉಗುರಿನಿಂದ ಕೆರೆಯಬೇಕಾಯಿತು. ಉಗುರಿನ ಸಂದಿಯಲ್ಲಿ ಒಂದಿಷ್ಟು ಕೆಂಪು ಉಳಿಯಿತು. ಗಾಜಿನಲ್ಲಿ ಏನೂ ಉಳಿಯಲಿಲ್ಲ.

ಹೊಸ ನಕಲಿನ ಮೊದಲ ಸಾಲನ್ನು ಅವಳೇ ಅವನಿಗೆ ಓದಿ ಹೇಳಿದಳು. ಅವನು ನಾಲ್ಕು ಗಂಟೆಗೆ ಪಂಚಾಯ್ತಿ ಕಚೇರಿಯ ಮೆಟ್ಟಿಲಲ್ಲಿದ್ದ. ಅವಳು ಬಾಗಿಲಲ್ಲಿಟ್ಟಿದ್ದ ಕೈ ತೊಳೆಯುವ ಬಕೆಟ್ಟನ್ನು ಒಳಗೆ ತೆಗೆದಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶನಿಗೆ ಸಮಾಧಾನವಾಗಲಿಲ್ಲ. ಆ ಹೆಂಗಸಿನ ಮೇಲೆ ಅವನಿಗೆ ಸ್ವಲ್ಪ ಸಿಟ್ಟೂ ಬಂದಿತ್ತು.

"ಅಷ್ಟು ಶಿಸ್ತಿನವಳು, ಬುದ್ಧಿ. ಪಟ್ಟಿ ಹನ್ನೊಂದೇ ಎಂದು ಎಣಿಸಿ ನೋಡಿದವಳು. ದಿನಾ ಮುಚ್ಚಳ ಎತ್ತುತ್ತಿದ್ದವಳು. ಕಣ್ಣೆದುರಿಗಿದ್ದ ಕೊಳೆ ಒಂದು ವರ್ಷ ಹೇಗೆ ಕಾಣದೆ ಹೋಯಿತು?" ಎಂದು ಕೇಳಿ, ಉತ್ತರಕ್ಕೆ ಮುಂಚೆ ಎಂದಿನಂತೆ ಪಾದುಕೆಯತ್ತ ಕೈಚಾಚಿದ.

ಗುರುಗಳು ತಮ್ಮ ಪಾದುಕೆಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

"ಕೊಳೆಯಾಗಿದ್ದರೆ ಮೊದಲ ದಿನವೇ ಒರೆಸಿಬಿಡುತ್ತಿದ್ದಳಪ್ಪ."

ಕೊಟ್ರೇಶನ ಕೈ ಬರಿಯ ನೆಲದ ಮೇಲೆ ಹಾಗೆಯೇ ಉಳಿಯಿತು.