ಭೈರನ ಸೊಂಟದ ಅಳತೆ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಮುಂದೆ ಮಾಡಿ. ಈಗ ಹೇಳೋದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ಓದಿದ ಮೇಲೆ ಫೋನಿನಿಂದ ಅಳಿಸಿಬಿಡಿ, ನಾದಿನಿಗೆ ಕಳಿಸಬೇಡಿ, ಗ್ರೂಪಿಗಂತೂ ಹಾಕಲೇಬೇಡಿ. ಊರ ಹೆಸರು ಬೇಡ. ಹಳೇ ಸಂತೆ ಮೈದಾನದ ಹಿಂದಿನ ಬೀದಿ ಅಂತ ಮಾತ್ರ ತಿಳಿದುಕೊಳ್ಳಿ. ಆ ಕಡೆ ಹೋದರೆ ಕರುವಿನಷ್ಟು ಎತ್ತರದ ಒಂದು ಕರಿ ನಾಯಿ ಹಿಂಗಾಲು ಸ್ವಲ್ಪ ಎಳೆದುಕೊಂಡು ನಡೆಯೋದು ಕಾಣುತ್ತೆ. ಯಾಕೆ ಹಾಗಾಯಿತು ಅಂತ ಯಾರನ್ನೂ ಕೇಳಬೇಡಿ. ಕೇಳಿದರೆ ಎಲ್ಲರೂ ಒಂದೇ ಮನೆಯ ಕಡೆ ನೋಡುತ್ತಾರೆ, ಆ ಮನೆಯವಳು ಪಟ್ಟನೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಆ ಮನೆಯವಳೇ ಕೊಟ್ರಮ್ಮ. ಒಂದು ಕಾಲಕ್ಕೆ ಇಡೀ ಬೀದಿ ಕೊಟ್ರಮ್ಮನ ಜಗಲಿಯ ಮೇಲೆ ಕೂರುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿದ ಹೆಂಗಸರು ಒಬ್ಬೊಬ್ಬರಾಗಿ ಬರುವರು. ಯಾರ ಸೊಸೆ ತವರಿಗೆ ಹೋದಳು, ಯಾರ ಮನೆ ಫ್ರಿಜ್ಜು ಕಂತಿನದು, ಎಲ್ಲದಕ್ಕೂ ತೀರ್ಪು ಅಲ್ಲೇ. ನಡುವೆ ಕೂತ ಕೊಟ್ರಮ್ಮ ಸೆರಗು ಸರಿ ಮಾಡಿಕೊಂಡು, "ಮದುವೆ ಆದಾಗ ಇದ್ದ ಅಳತೆಯ ಬ್ಲೌಸೇ ಇವತ್ತಿಗೂ ನನಗೆ ಸರಿಯಾಗುತ್ತೆ ಕಣ್ರೇ," ಅನ್ನುವಳು. ಪ್ರತಿ ಯುಗಾದಿಗೂ ಈ ಮಾತು ಒಂದು ಸಲ ಬರಲೇಬೇಕು.

ಆ ಬ್ಲೌಸು ಹೊಲಿಯುತ್ತಿದ್ದವಳು ಪಕ್ಕದ ಮನೆ ಸರ್ವಮಂಗಳ. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಹೊಲಿಗೆ ಮಿಷನ್ನು. ಮೂವತ್ತು ವರ್ಷದಿಂದ ಬೀದಿಯ ಹೆಂಗಸರೆಲ್ಲರ ಅಳತೆ ಅವಳ ಉದ್ದನೆಯ ಪುಸ್ತಕದಲ್ಲಿತ್ತು. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವಳು, ಅದಕ್ಕೋ ಏನೋ ಮಾತು ಕಡಿಮೆ. ಆ ಪುಸ್ತಕದೊಳಗೆ ಇಣುಕಬೇಕು ಅಂತ ಕೊಟ್ರಮ್ಮ ಎರಡು ಸಲ ನೋಡಿದ್ದಳು. ಎರಡು ಸಲವೂ ಸರ್ವಮಂಗಳ ಮೆತ್ತಗೆ ಮುಚ್ಚಿ, ಅದರ ಮೇಲೆ ಕತ್ತರಿ ಇಟ್ಟಿದ್ದಳು.

ಇಂಥ ಸರ್ವಮಂಗಳನಿಗೆ, ಅವಳ ಹತ್ತಿರ ಬ್ಲೌಸು ಹೊಲಿಸುವ ಡಾಕ್ಟರಮ್ಮ ಒಬ್ಬರು ಒಂದು ನಾಯಿಮರಿ ಕೊಟ್ಟರು. ಗ್ರೇಟ್ ಡೇನ್ ಜಾತಿ. ಕಪ್ಪೆಂದರೆ ಕಪ್ಪು. ಭೈರ ಅಂತ ಹೆಸರಿಟ್ಟಳು. ಎಂಟೇ ತಿಂಗಳಲ್ಲಿ ಭೈರನ ತಲೆ ಅವಳ ಸೊಂಟ ದಾಟಿತು. ಬೆಳಗ್ಗೆ ಅದು ಗೇಟು ದಾಟಿ ಹೊರಟರೆ ಹಾಲಿನವನು ಗಾಡಿ ನಿಲ್ಲಿಸಿ ನೋಡುವನು. ಮಧ್ಯಾಹ್ನದ ಹೆಂಗಸರು ಕೊಟ್ರಮ್ಮನ ಜಗಲಿ ಬಿಟ್ಟು ಸರ್ವಮಂಗಳನ ಗೇಟಿಗೆ ಆತುಕೊಂಡರು. "ಅಯ್ಯೋ, ಏನು ಮುಖ! ಏನು ಗತ್ತು!"

ಹೋಗಲಿ ಅಂದರೆ, ಕೊಟ್ರಮ್ಮನ ಗಂಡನೂ ಅತ್ತಲೇ! ಮುರಿಗೆಪ್ಪನಿಗೆ ಸಕ್ಕರೆ ಕಾಯಿಲೆ. ನಡೀರಿ, ನಡೀರಿ ಅಂತ ಕೊಟ್ರಮ್ಮ ಆರು ವರ್ಷ ಬಾಯಿ ಬಡಿದುಕೊಂಡಿದ್ದಳು, ಒಂದು ದಿನ ಕಾಲು ಎತ್ತಿದವನಲ್ಲ. ಈಗ ಆರು ಗಂಟೆಗೇ ಬೂಟು ಹಾಕಿಕೊಂಡು ತಯಾರು.

"ಅಷ್ಟು ದೊಡ್ಡ ನಾಯಿ, ಆಯಮ್ಮ ಒಬ್ಬಳೇ ಹೆಂಗೆ ಹಿಡೀತಾಳೆ? ಇನ್ನೊಂದು ಕೈ ಬೇಡವಾ?" ಅನ್ನುವನು.

"ನಾನು ಸಂತೆಯಿಂದ ಎರಡು ಚೀಲ ಹೊತ್ತು ತರುವಾಗ ಆ ಇನ್ನೊಂದು ಕೈ ಎಲ್ಲಿತ್ತು?" ಅಂತ ಕೊಟ್ರಮ್ಮ ಕೇಳಿದಳು. ಅಷ್ಟರಲ್ಲಿ ಅವನು ಗೇಟು ದಾಟಿ ಹೋಗಿಯಾಗಿತ್ತು.

ಅವಳ ಹೊಟ್ಟೆಯೊಳಗೆ ಒಲೆ ಹತ್ತಿದ್ದು ಆವತ್ತೇ. ನಿಜ ಹೇಳಬೇಕೆಂದರೆ ಅವಳಿಗೆ ನಾಯಿಯ ಮೇಲೆ ಸಿಟ್ಟಿರಲಿಲ್ಲ. ಆ ನಾಯಿ ತನ್ನ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ ಅನ್ನುವುದೇ ಸಿಟ್ಟು.

ಒಂದು ದಿನ ಭೈರ ಮೈ ತಿರುಗಿಸಿದಾಗ ಅದರ ಪಕ್ಕೆಲುಬು ಗೆರೆಗೆರೆಯಾಗಿ ಕಂಡು ಮಾಯವಾಯಿತು. ಕೊಟ್ರಮ್ಮನಿಗೆ ಅಷ್ಟೇ ಸಾಕಾಯಿತು. ಸರ್ವಮಂಗಳ ನಾಯಿಯ ತಿಂಡಿಯನ್ನು ಪಾವಿನಲ್ಲಿ ಅಳೆದು, ಮೇಲೆ ಬೆರಳಿನಿಂದ ಸಮ ಮಾಡಿ ಹಾಕುವುದನ್ನು ಅವಳು ಗೋಡೆಯಾಚೆಯಿಂದ ನೋಡಿದ್ದಳು ಬೇರೆ.

"ಕೇಳಿದಿರೇನ್ರೇ? ಮೂಕ ಪ್ರಾಣಿಗೆ ಅಳೆದು ಹಾಕ್ತಾಳೆ! ಎಲುಬು ಎಣಿಸಬಹುದು. ಹೊಟ್ಟೆಗೆ ಹಾಕೋಕೆ ಆಗದವರು ಆನೆ ಯಾಕೆ ಕಟ್ಟಬೇಕು?"

ಹೆಂಗಸರು ಗುಂಪು ಕಟ್ಟಿಕೊಂಡು ಕೇಳಲು ಹೋದರು. ಮುಂದೆ ಕೊಟ್ರಮ್ಮ, ಹಿಂದೆ ಹೂವಿನ ಅಂಗಡಿ ಪಾಲಾಕ್ಷಮ್ಮ, ಅವಳ ಹಿಂದೆ ಬೀದಿ. ಸರ್ವಮಂಗಳ ಬಾಯಿಂದ ಗುಂಡುಸೂಜಿ ತೆಗೆದಳು. ಕೋಪ ಮಾಡಿಕೊಳ್ಳಲಿಲ್ಲ.

"ಕೊಟ್ರಕ್ಕ, ಮುಷ್ಟಿ ಹಿಡೀರಿ. ಈ ಗಿಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ಪಕ್ಕೆ ಮುಟ್ಟಿದಾಗ ಹೀಗೆ ಎದ್ದೆದ್ದು ಸಿಕ್ಕರೆ ನಾಯಿ ಬಡಕಲು. ಈಗ ಮುಷ್ಟಿ ಬಿಚ್ಚಿ ಅಂಗೈ ಮುಟ್ಟಿ. ಒತ್ತಿದರೂ ಮೂಳೆ ಸಿಗಲ್ಲ, ಅಲ್ವಾ? ಹೀಗಿದ್ದರೆ ಅದು ಕೊಬ್ಬು. ಈಗ ಕೈ ತಿರುಗಿಸಿ, ಬೆರಳು ಚಾಚಿ ಹಿಂಗೈ ಸವರಿ. ಮೆತ್ತಗೆ ಸವರಿದರೆ ಮೂಳೆ ಸಿಗುತ್ತೆ, ಎದ್ದು ಕಾಣಲ್ಲ. ಭೈರನ ಪಕ್ಕೆ ಹೀಗಿರಬೇಕು. ನೀವೇ ಮುಟ್ಟಿ ನೋಡಿ."

ಎಲ್ಲರೂ ತಮ್ಮ ಕೈ ಮುಟ್ಟಿಕೊಂಡರು, ಆಮೇಲೆ ಭೈರನ ಪಕ್ಕೆ ಮುಟ್ಟಿದರು. ಹಿಂಗೈ ಇದ್ದ ಹಾಗೇ ಇತ್ತು.

"ಮೇಲಿಂದ ನೋಡಿದರೆ ಪಕ್ಕೆ ಮುಗಿದ ಕಡೆ ಸೊಂಟ ಒಳಗೆ ಹೋಗಿರಬೇಕು," ಅಂದಳು ಸರ್ವಮಂಗಳ. "ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆ ಮೇಲೇರಿರಬೇಕು. ದೊಡ್ಡ ಜಾತಿ ನಾಯಿ ಇದು. ಒಂದೂವರೆ ವರ್ಷ ಆಗೋವರೆಗೂ ಮೂಳೆ ಎಳೇದು. ಮೈ ಬೇಗ ತುಂಬಿದರೆ ಕೀಲು ಕೆಡುತ್ತೆ ಅಂತ ಡಾಕ್ಟರು ಹೇಳಿದಾರೆ." ಹೀಗಂದು ಕತ್ತಿನ ಟೇಪು ತೆಗೆದು ಭೈರನ ಸೊಂಟಕ್ಕೆ ಸುತ್ತಿದಳು. ಇಪ್ಪತ್ತೇಳು ಇಂಚು. ಅದೇ ಉದ್ದನೆ ಪುಸ್ತಕ ತೆರೆದು ಬರೆದುಕೊಂಡಳು.

ಪಾಲಾಕ್ಷಮ್ಮನ ಕಣ್ಣು ಚುರುಕು. "ಕೊಟ್ರಕ್ಕಾ! ನಿಮ್ಮ ಹೆಸರಿನ ಪಕ್ಕದ ಪುಟವೇ ಭೈರಂದು! ಯಾರ ಸೊಂಟ ಸಣ್ಣ ಅಂತ ನೋಡಲಾ?"

ಹೆಂಗಸರು ನಕ್ಕ ನಗು ಬೀದಿ ಕೊನೆಗೆ ಕೇಳಿಸಿತು. ನಕ್ಕವರಲ್ಲಿ ಗೇಟಿನ ಹತ್ತಿರ ಬಂದು ನಿಂತಿದ್ದ ಮುರಿಗೆಪ್ಪನೂ ಇದ್ದ. ಸರ್ವಮಂಗಳ ನಗಲಿಲ್ಲ, ಪುಸ್ತಕ ಮುಚ್ಚಿದಳು. ಆದರೆ ಕೊಟ್ರಮ್ಮನಿಗೆ ಅದು ಕಾಣಲಿಲ್ಲ.

ಮಾರನೇ ದಿನ ಹನ್ನೊಂದಕ್ಕೆ ಸರ್ವಮಂಗಳ ಎಂದಿನಂತೆ ಹೊಲಿದ ಬಟ್ಟೆ ಕೊಡಲು ಸೀರೆ ಅಂಗಡಿಗೆ ಹೋದಳು. ಕೊಟ್ರಮ್ಮ ಹಿತ್ತಲ ಗೋಡೆಯ ಹತ್ತಿರ ಬಂದಳು. ಕೈಯಲ್ಲಿ ತುಪ್ಪ ಸವರಿ ಬೆಲ್ಲ ಇಟ್ಟು ಸುತ್ತಿದ ಎರಡು ಚಪಾತಿ.

"ಭೈರಾ… ಬಾರೋ ಕಂದ. ಹಸಿದಿದೀಯೇನೋ?"

ಭೈರ ಮುಂಗಾಲು ಎರಡನ್ನೂ ಗೋಡೆಯ ಮೇಲೆ ಇಟ್ಟಿತು. ಒಂದೇ ತುತ್ತು. ಆಮೇಲೆ ಅವಳ ಬೆರಳು ನೆಕ್ಕಿತು, ಬಳೆ ನೆಕ್ಕಿತು, ಮುಖ ನೋಡುತ್ತಾ ನಿಂತುಬಿಟ್ಟಿತು. ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಕೊಟ್ರಮ್ಮನ ಮನೆಯಲ್ಲಿ ಅವಳು ಬಡಿಸಿದ್ದನ್ನು ಹೀಗೆ ತಿಂದವರೇ ಇರಲಿಲ್ಲ.

ಮರುದಿನ ಮೂರು ಚಪಾತಿ. ಅದರ ಮರುದಿನ ಹೋಳಿಗೆ. ವಾರ ಕಳೆಯುವುದರೊಳಗೆ ಹನ್ನೊಂದು ಗಂಟೆಗೆ ಮೊದಲೇ ಭೈರ ಗೋಡೆಗೆ ಮೂಗು ಒತ್ತಿ ಕಾಯತೊಡಗಿತು. ಸರ್ವಮಂಗಳ ಹೊರಟರೆ ಮೊದಲು ಗೇಟಿನವರೆಗೂ ಹೋಗಿ ಕುಂಯ್ಗುಡುತ್ತಿದ್ದ ನಾಯಿ ಈಗ ಅವಳ ಕಡೆ ತಿರುಗುತ್ತಲೂ ಇರಲಿಲ್ಲ. ಇದನ್ನು ನೋಡಿದಾಗ ಕೊಟ್ರಮ್ಮನಿಗೆ ಆದ ಖುಷಿ, ಹೇಳಬಾರದು, ತಾಳಿ ಕಟ್ಟಿಸಿಕೊಂಡ ದಿನವೂ ಆಗಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದಳಾ? ಇಲ್ಲ. ಜಗಲಿ ಖಾಲಿ ಇತ್ತಲ್ಲ. ಪಾಲಾಕ್ಷಮ್ಮನನ್ನು ಕರೆದು ಕಿವಿಯಲ್ಲಿ ಹೇಳಿದಳು: "ಶನಿಕಾಟಕ್ಕೆ ಶನಿವಾರ ಕರಿ ನಾಯಿಗೆ ರೊಟ್ಟಿ ಹಾಕಬೇಕು ಅಂತ ಗೊತ್ತಲ್ಲ? ಇದು ಬರೀ ಕರಿ ಅಲ್ಲ, ಹೆಸರೇ ಭೈರ. ನಮ್ಮೆಜಮಾನ್ರಿಗೂ ಬೇಡ, ಮಂಗಳನಿಗಂತೂ ಹೇಳಲೇಬೇಡ, ಅವಳದು ಅಳತೆ ಲೆಕ್ಕ, ಪುಣ್ಯಕ್ಕೂ ಟೇಪು ಹಿಡೀತಾಳೆ."

ಮುಂದಿನ ಶನಿವಾರ ನಾಲ್ಕು ತಟ್ಟೆ ಬಂತು. ಅದರ ಮುಂದಿನ ಶನಿವಾರ ಹನ್ನೊಂದು. ಎಳ್ಳೆಣ್ಣೆ ರೊಟ್ಟಿ, ಬೆಲ್ಲದ ರೊಟ್ಟಿ, ಗೋಧಿ ಹುಗ್ಗಿ. ಮಗಳ ಮದುವೆ, ಮಗನ ಪರೀಕ್ಷೆ, ಸೊಸೆಯ ಬಾಯಿ, ಎಲ್ಲದಕ್ಕೂ ಭೈರ ತಿಂದು ಪರಿಹಾರ ಕೊಡಬೇಕು. ಅದು ತಿಂದಾದ ಮೇಲೆ ಹೆಂಗಸರೆಲ್ಲ ಕೊಟ್ರಮ್ಮನ ಜಗಲಿಯಲ್ಲಿ ಕೂತರು. ಜಗಲಿ ಮತ್ತೆ ತುಂಬಿತು.

ಇತ್ತ ಪುಸ್ತಕದಲ್ಲಿ ಇಪ್ಪತ್ತೇಳು ಇದ್ದದ್ದು ಇಪ್ಪತ್ತೊಂಬತ್ತಾಯಿತು, ಮೂವತ್ತೊಂದಾಯಿತು. ಸರ್ವಮಂಗಳ ಟೇಪನ್ನೇ ಅನುಮಾನಿಸಿ ಹೊಸದು ತಂದಳು. ಹೊತ್ತಿಗೆ ನಾಲ್ಕು ಪಾವು ಹಾಕುತ್ತಿದ್ದವಳು ಮೂರು ಮಾಡಿದಳು. ಆದರೂ ಏರಿತು. ಎರಡೂವರೆ ಮಾಡಿದಳು. ಗೋಡೆಯಾಚೆಯಿಂದ ಎಣಿಸುತ್ತಿದ್ದ ಕೊಟ್ರಮ್ಮ ಜಗಲಿಯಲ್ಲಿ ಕೈ ಚಾಚಿ ಹೇಳಿದಳು: "ನೋಡಿದಿರಾ? ಈಗ ಎರಡೂವರೆ! ನಾನು ಒಬ್ಬಳು ಇಲ್ಲದಿದ್ದರೆ ಅದು ಸತ್ತೇ ಹೋಗ್ತಿತ್ತು." ಅವಳು ಅದನ್ನು ನಂಬಿಯೂ ಬಿಟ್ಟಿದ್ದಳು.

ಭೈರನ ಹತ್ತನೇ ತಿಂಗಳಲ್ಲಿ ಒಂದು ಬುಧವಾರ ಬೆಳಗ್ಗೆ, ನಡೆಸಲು ಕರೆದೊಯ್ದಾಗ ಅದು ಅರ್ಧ ದಾರಿಯಲ್ಲಿ ಕೂತುಬಿಟ್ಟಿತು. ಎಬ್ಬಿಸಿದರೆ ಹಿಂಗಾಲು ನಡುಗಿ ಮತ್ತೆ ಕೂತಿತು. ಸರ್ವಮಂಗಳ ಮತ್ತು ಮುರಿಗೆಪ್ಪ ಲಗೇಜ್ ಆಟೋ ತರಿಸಿ ಪಶು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅಷ್ಟು ದೊಡ್ಡ ತಕ್ಕಡಿ ಇಲ್ಲ ಅಂತ ಮೆಕ್ಕೆಜೋಳದ ಗೋದಾಮಿಗೆ ಒಯ್ದು, ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದರು.

ಮಧ್ಯಾಹ್ನ ಊಟಕ್ಕೆ ಕೂತ ಮುರಿಗೆಪ್ಪ ತಟ್ಟೆ ಮುಟ್ಟಲಿಲ್ಲ.

"ಅರವತ್ತಾರು ಕೇಜಿ ಐತೆ ಕಣೇ. ಐವತ್ತೆರಡು ಇದ್ದರೆ ಸಾಕಿತ್ತಂತೆ. ಸೊಂಟದ ಕೀಲು ಊದಿಕೊಂಡೈತೆ. ಇನ್ನೂ ಏರಿದರೆ ಹಿಂಗಾಲು ಹೋದಂಗೇ ಅಂದರು ಡಾಕ್ಟರು. ಆಯಮ್ಮ ಅಳ್ತಾಳೆ, 'ಇನ್ನೆಷ್ಟು ಕಡಿಮೆ ಮಾಡಲಿ ಡಾಕ್ಟರೇ, ಅರ್ಧ ಹೊಟ್ಟೆಗೆ ಹಾಕ್ತಿದೀನಿ' ಅಂತ. ಏನೋ ರೋಗ ಇರಬೇಕು ಅಂತ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡರು." ಅವನು ತಲೆ ಎತ್ತಿದ. "ನೀನೇನಾದರೂ ಹಾಕ್ತಿದೀಯೇನೇ?"

ಒಂದೇ ಮಾತು ಸಾಕಿತ್ತು. ಹೌದು ಅಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕೊಟ್ರಮ್ಮನ ಬಾಯಿಗೆ ಬಂದೂ ಬಂತು. ಆದರೆ ಕಣ್ಣ ಮುಂದೆ ತುಂಬಿದ ಜಗಲಿ ಬಂತು, ಗೋಡೆಯ ಮೇಲೆ ಕಾಲಿಟ್ಟು ತನ್ನನ್ನೇ ನೋಡುವ ಆ ಕರಿ ಮುಖ ಬಂತು.

"ನಾನ್ಯಾಕೆ ಹಾಕಲಿ? ಅವರ ನಾಯಿ, ಅವರ ಪಾವು. ಉಣ್ಣಿ, ಸಾರು ಆರುತ್ತೆ."

ಗುರುವಾರ ಅವಳು ಗೋಡೆಯ ಕಡೆ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಹನ್ನೊಂದು ಗಂಟೆಗೆ ಆಚೆಯಿಂದ ಕುಂಯ್ ಕುಂಯ್ ಅನ್ನುವುದು ಕೇಳಿ ಮಿಕ್ಸಿ ಹಾಕಿದಳು. ಶನಿವಾರ ತಟ್ಟೆ ಹಿಡಿದ ಹೆಂಗಸರು ಬಂದು ನಿಂತರು. "ಏನಕ್ಕ, ನಿಮ್ಮ ಭೈರ ನಿಮ್ಮ ಮಾತು ಕೇಳಲ್ವಾ ಈಗ?" ಅಂದಳು ಪಾಲಾಕ್ಷಮ್ಮ. ನಿಮ್ಮ ಭೈರ! ಕೊಟ್ರಮ್ಮ ಎದ್ದೇಬಿಟ್ಟಳು.

"ಭೈರಾ… ಬಾರೋ ಕಂದ!"

ಆಚೆ ಗೋಣಿಯ ಮೇಲೆ ಮಲಗಿದ್ದ ಭೈರ ಎದ್ದಿತು. ಹಿಂಗಾಲು ಎಳೆಯುತ್ತಾ ಬಂತು. ಮುಂಗಾಲು ಗೋಡೆಯ ಮೇಲೆ ಇಟ್ಟಿತು, ಮೈಭಾರವೆಲ್ಲ ಹಿಂಗಾಲಿನ ಮೇಲೆ ಬಿತ್ತು. ಒಂದು ಕೂಗು. ಹಾಗೇ ಪಕ್ಕಕ್ಕೆ ಕುಸಿದು ಬಿತ್ತು. ಬಿದ್ದಲ್ಲಿಂದಲೂ ಬಾಲ ಆಡಿಸಿತು, ಕಣ್ಣು ಕೊಟ್ರಮ್ಮನ ಕೈಯ ಮೇಲೆ.

ಆವತ್ತು ಸರ್ವಮಂಗಳ ಸೀರೆ ಅಂಗಡಿಗೆ ಹೋಗಿರಲಿಲ್ಲ. ಕೂಗು ಕೇಳಿ ಕತ್ತಿನ ಟೇಪು ಸಮೇತ ಓಡಿ ಬಂದಳು. ನಾಯಿಯ ಹತ್ತಿರ ಕೂತು, ಅದರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ತಲೆ ಎತ್ತಿದಳು. ಗೋಡೆಯ ಮೇಲೆ ಸಾಲಾಗಿ ತಟ್ಟೆಗಳು. ತಟ್ಟೆಗಳ ಹಿಂದೆ ಇಡೀ ಬೀದಿ. ಮುಂದೆ ಕೊಟ್ರಮ್ಮ, ಕೈಯಲ್ಲಿ ತುಪ್ಪ ಸೋರುವ ಹೋಳಿಗೆ. ಅವಳ ಹಿಂದೆ ಮುರಿಗೆಪ್ಪ ಬಂದು ನಿಂತಿದ್ದ.

"ಹಸಿದಿತ್ತು ಅಂತ…" ಅಂದಳು ಕೊಟ್ರಮ್ಮ.

ಸರ್ವಮಂಗಳ ಕಿರುಚಲಿಲ್ಲ. ಬ್ಲೌಸು ಬಿಗಿಯಾಯಿತಾ ಅಂತ ಕೇಳುವ ದನಿಯಲ್ಲೇ, ಮುಖ ನೋಡಿಕೊಂಡೇ ಹೇಳಿದಳು:

"ಕೊಟ್ರಕ್ಕ, ಭೈರ ನಿಮ್ಮ ಹತ್ತಿರ ಬರಬೇಕು ಅಂತ ಆಸೆ ಇದ್ದಿದ್ದರೆ ಒಂದು ಮಾತು ಕೇಳಬಾರದಿತ್ತಾ? ಬೆಳಗ್ಗೆ ಅದರ ಸರಪಳಿ ನಿಮ್ಮ ಕೈಗೇ ಕೊಡ್ತಿದ್ದೆ, ನೀವು ಮತ್ತೆ ಅಣ್ಣ ಇಬ್ಬರೂ ಹೋಗಬಹುದಿತ್ತು. ಮೂವತ್ತು ವರ್ಷದಿಂದ ಪ್ರತಿ ಯುಗಾದಿಗೂ 'ಹೋದ ವರ್ಷದ ಅಳತೆಗೇ ಹೊಲಿ' ಅಂತೀರಿ. ನಾನು ಹೂಂ ಅಂದು, ನಿಮಗೆ ಗೊತ್ತಾಗದ ಹಾಗೆ ಅಗಲ ಬಿಟ್ಟು ಹೊಲಿದು ಕೊಡ್ತೀನಿ. ನೀವು ಹಾಕಿಕೊಂಡು 'ನೋಡು, ಹಾಗೇ ಇದೀನಿ' ಅಂತೀರಿ. ನಿಮ್ಮ ಸಂತೋಷ ಯಾಕೆ ಕೆಡಿಸಲಿ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿಮ್ಮ ಬ್ಲೌಸಿಗೆ ಎರಡಿಂಚು ಬಿಡೋದು ನನ್ನ ಕೈಯಲ್ಲಿತ್ತು ಅಕ್ಕಾ, ಬಿಟ್ಟೆ. ಈಗ ಹೇಳಿ, ಇದರ ಮೂಳೆಗೆ ನಾನು ಎಲ್ಲಿಂದ ಎರಡಿಂಚು ಬಿಡಲಿ?"

ನೀತಿ: ಹೊಟ್ಟೆಕಿಚ್ಚಿನಿಂದ ಹಾಕಿದ ತುತ್ತಿನ ಭಾರ ಹೊರಬೇಕಾದ್ದು ತಿಂದ ಜೀವದ ಕಾಲುಗಳು, ಹಾಕಿದವರ ಕೈಯಲ್ಲ. ಪಕ್ಕದ ಮನೆಯ ನಾಯಿ ಬಡಕಲು ಅನ್ನಿಸಿದರೆ ಮೊದಲು ಅದರ ಪಕ್ಕೆ ಮುಟ್ಟಿ ನೋಡಿ, ಅದರ ಮನೆಯವರನ್ನು ಕೇಳಿ. ಅದರ ಪ್ರೀತಿ ಬೇಕು ಅನ್ನಿಸಿದರೂ ಬಾಯಿಬಿಟ್ಟು ಕೇಳಿ, ಕದ್ದು ತಿನ್ನಿಸಬೇಡಿ.