ಕೆಂಚಿ ಕಾಯ್ದ ಜಾಗ

ಕೋಳಿ ಅಂಗಡಿಯ ಪಂಜರದಿಂದ ಜೀವ ಉಳಿಸಿಕೊಂಡು ಬಂದ ಕೆಂಚಿ ಎಂಬ ಕೋಳಿಗೆ, ಹಿತ್ತಲಿನ ಗೂಡಿನಲ್ಲಿ ಕೂರುವ ಕೋಲೊಂದೇ ಆಸ್ತಿ. ಒಂದು ದಿನ ಯಜಮಾನಿ ಇನ್ನೆರಡು ಹ್ಯಾಟೆ ಕೋಳಿಗಳನ್ನು ತಂದು, ಕಚ್ಚಾಡದಿರಲೆಂದು ಸಂಜೆಯವರೆಗೆ ಬಿದಿರಿನ ಮಂಕರಿಯಡಿ ಮುಚ್ಚಿಟ್ಟಳು.

ಕೆಂಚಿ ಮಂಕರಿಯ ಸಂದಿಯಲ್ಲಿ ಕಣ್ಣಿಟ್ಟಳು. "ಯಾರು ಕಳಿಸಿದರು ನಿಮ್ಮನ್ನು?"

"ಸಂತೆಯಿಂದ ತಂದರು, ಅಕ್ಕ."

"ಅಕ್ಕ ಅಂತೆ! ಗುರುತಿಲ್ಲದೆ ಅಕ್ಕ ಅನ್ನುವವರು ನನ್ನ ಜಾಗಕ್ಕೇ ಕಣ್ಣು ಹಾಕಿರುತ್ತಾರೆ."

ಸಂಜೆ ಯಜಮಾನಿ ಮಂಕರಿ ಎತ್ತಿದಳು. ಹೊಸಬರಿಬ್ಬರೂ ಗೂಡು ಹೊಕ್ಕು ಕೋಲಿನ ಎರಡು ತುದಿಗೆ ಕೂತರು. "ನಡುವೆ ಬೆಚ್ಚಗಿರುತ್ತೆ, ನೀವು ಬನ್ನಿ ಅಕ್ಕ."

"ಕೇಳದೆಯೇ ಬಿಟ್ಟುಕೊಡುತ್ತಾರೆ ಅಂದರೆ ಇದರಲ್ಲೇನೋ ಮಸಲತ್ತಿದೆ" ಎಂದ ಕೆಂಚಿ, ತಣ್ಣನೆಯ ನೆಲದಲ್ಲಿ ಮುದುಡಿ ಕೂತು, ಆ ಖಾಲಿ ಜಾಗವನ್ನು ಯಾರೂ ಕಸಿಯದಂತೆ ಬೆಳಗಿನವರೆಗೂ ಕಾದಳು.